ಬಸಿರಿನ ತೊಡಕು ಮಗುವಿನ ಮಿದುಳನ್ನು ತಲುಪುವ ದಾರಿ

ಬಸಿರಿನಲ್ಲಿ ಬಿಪಿ ಏರಿದ್ದ ತಾಯಂದಿರ ಮಕ್ಕಳ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಶ್ಲೇಷಣೆಯೊಂದು 2018ರಲ್ಲಿ ‘ಜಾಮಾ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೇರೆ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಮಕ್ಕಳಲ್ಲಿ ಆಟಿಸಂ ಕಾಣುವ ಸಂಭವ ಸುಮಾರು 1.35 ಪಟ್ಟು, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಸಂಭವ 1.29 ಪಟ್ಟು ಇತ್ತು. ‘ಶೇ 35 ಹೆಚ್ಚು’ ಎಂದು ಓದಿದ ಗರ್ಭಿಣಿಯ ಎದೆ ಧಸಕ್ಕೆನ್ನುತ್ತದೆ. ಅದೇ ಅಂಕಿಯನ್ನು ಹೀಗೆ ಬಿಡಿಸಿ ನೋಡಿ: ಬಿಪಿ ತೊಂದರೆಯಿಲ್ಲದ ಸಾವಿರ ಬಸಿರುಗಳಲ್ಲಿ 10 ಮಕ್ಕಳಿಗೆ ಆಟಿಸಂ ಇರುತ್ತದೆ ಎಂದಿಟ್ಟುಕೊಂಡರೆ, ಬಿಪಿ ಇದ್ದ ಸಾವಿರ ಬಸಿರುಗಳಲ್ಲಿ ಅದು 13 ಅಥವಾ 14 ಆಗುತ್ತದೆ. ಉಳಿದ 986 ಮಕ್ಕಳಿಗೆ ಇರುವುದಿಲ್ಲ.

ತಾಯಿ ಕೇಳುವ ಪ್ರಶ್ನೆಗೆ ಇಷ್ಟರಲ್ಲೇ ಉತ್ತರ ಸಿಕ್ಕಿತು. ವಿಜ್ಞಾನಿಗಳ ತಲೆ ತಿನ್ನುವುದು ಆ ಹೆಚ್ಚುವರಿ ಮೂರು ನಾಲ್ಕು ಮಕ್ಕಳು. ತಾಯಿಯ ರಕ್ತನಾಳದಲ್ಲಿ ನಡೆದದ್ದು ಮಗುವಿನ ತಲೆಯೊಳಗೆ ಯಾವ ದಾರಿಯಲ್ಲಿ ಹೋಯಿತು? ಅಸಲಿಗೆ ಹೋಯಿತೇ, ಇಲ್ಲವೇ ತಾಯಿಯ ಬಿಪಿ ಮತ್ತು ಮಗುವಿನ ಆಟಿಸಂ ಎರಡಕ್ಕೂ ಬೇರೊಂದು ಕಾರಣವಿತ್ತೇ? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿದವರೆಲ್ಲ ಕೊನೆಗೆ ಬಂದು ನಿಲ್ಲುವುದು ಎರಡು ವಿಷಯಗಳ ಮುಂದೆ: ಮಾಸು (ಪ್ಲಾಸೆಂಟಾ) ಮತ್ತು ಕಾಲ. ತೊಡಕಿನ ಹೆಸರೇನು ಎಂಬುದಕ್ಕಿಂತ ಅದು ಎಷ್ಟನೆಯ ವಾರದಲ್ಲಿ ಬಂತು ಎಂಬುದೇ ಬಹಳ ಸಲ ಹೆಚ್ಚು ಹೇಳುತ್ತದೆ.

ಮಾಸು ಕೆಡುವುದು ಮೊದಲು, ಬಿಪಿ ಏರುವುದು ಆಮೇಲೆ

20 ವಾರ ದಾಟಿದ ಮೇಲೆ, ಕನಿಷ್ಠ 4 ಗಂಟೆಗಳ ಅಂತರದಲ್ಲಿ ಎರಡು ಸಲ ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದು, 24 ಗಂಟೆಯ ಮೂತ್ರದಲ್ಲಿ 300 ಮಿಲಿಗ್ರಾಂ ಅಥವಾ ಹೆಚ್ಚು ಪ್ರೋಟೀನ್ ಸಿಕ್ಕರೆ ಅದು ಪ್ರೀಎಕ್ಲಾಂಪ್ಸಿಯಾ. ಮೂತ್ರದಲ್ಲಿ ಪ್ರೋಟೀನ್ ಇಲ್ಲದಿದ್ದರೂ ಪ್ಲೇಟ್‌ಲೆಟ್ ಕುಸಿದಿದ್ದರೆ, ಯಕೃತ್ತು ಅಥವಾ ಮೂತ್ರಪಿಂಡ ಕೆಡುತ್ತಿದ್ದರೆ ಈಗ ಅದನ್ನೂ ಇದೇ ಗುಂಪಿಗೆ ಸೇರಿಸುತ್ತಾರೆ. 160/110 ಮುಟ್ಟಿದರೆ ತೀವ್ರ ಹಂತ.

ಆದರೆ ಕಾಯಿಲೆಯ ಬೇರು ಇರುವುದು ಮೊದಲ ನಾಲ್ಕೈದು ತಿಂಗಳಲ್ಲಿ. ಗರ್ಭಕೋಶದ ಗೋಡೆಯಲ್ಲಿ ಸುರುಳಿಯಾಕಾರದ ಸಣ್ಣ ಧಮನಿಗಳಿರುತ್ತವೆ. ಮಾಸಿನಿಂದ ಹೊರಟ ಜೀವಕೋಶಗಳು ಇವುಗಳೊಳಗೆ ಹೊಕ್ಕು, ಗೋಡೆಯ ಸ್ನಾಯುಪದರವನ್ನು ಕರಗಿಸಿ, ಬಾಯಿಯನ್ನು ಹಲವು ಪಟ್ಟು ಅಗಲ ಮಾಡುತ್ತವೆ. ಅಗಲವಾದ ನಾಳದಲ್ಲಿ ತಾಯಿಯ ರಕ್ತ ನಿಧಾನವಾಗಿ, ಎಡೆಬಿಡದೆ ಹರಿದು ಮಾಸನ್ನು ತೋಯಿಸುತ್ತದೆ. ಈ ಕೆಲಸ ಅರ್ಧಕ್ಕೆ ನಿಂತರೆ ನಾಳ ಕಿರಿದಾಗಿಯೇ ಉಳಿಯುತ್ತದೆ. ಪೈಪಿನ ಬಾಯಿಗೆ ಬೆರಳಿಟ್ಟಾಗ ನೀರು ಚಿಮ್ಮುವ ಹಾಗೆ ರಕ್ತ ರಭಸದಿಂದ, ಬಿಟ್ಟು ಬಿಟ್ಟು ನುಗ್ಗುತ್ತದೆ. ಮಾಸಿನ ಸೂಕ್ಷ್ಮ ಎಳೆಗಳಿಗೆ ಏಟು ಬೀಳುತ್ತದೆ, ಆಮ್ಲಜನಕ ಒಮ್ಮೆ ಹೆಚ್ಚಿ ಒಮ್ಮೆ ಇಳಿಯುತ್ತದೆ. ನೊಂದ ಮಾಸು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಸುರಿಯುತ್ತದೆ. ರಕ್ತನಾಳಗಳ ಒಳಪದರವನ್ನು ಕಾಯುವ ಪಿಎಲ್‌ಜಿಎಫ್, ವೆಜ್‌ಎಫ್ ಎಂಬ ಬೆಳವಣಿಗೆಯ ಪ್ರೋಟೀನ್‌ಗಳನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಬಿಪಿ ಏರುವುದು ಇದರ ನಂತರ.

ಯಂತ್ರದಲ್ಲಿ 140/90 ಕಾಣುವ ಹೊತ್ತಿಗೆ ಮಾಸು ವಾರಗಟ್ಟಲೆ ಒದ್ದಾಡಿರುತ್ತದೆ, ಮಗುವಿನ ಮಿದುಳೂ ಕೆಲವು ಹಂತಗಳನ್ನು ಅದೇ ಕೊರತೆಯಲ್ಲಿ ದಾಟಿರುತ್ತದೆ. ಬಿಪಿಯನ್ನು ಮಾತ್ರೆಯಿಂದ ಇಳಿಸಿದರೆ ತಾಯಿಗೆ ಪಾರ್ಶ್ವವಾಯುವಿನ ಅಪಾಯ ತಗ್ಗುತ್ತದೆ, ಅದು ಬಹಳ ಮುಖ್ಯ. ಕಿರಿದಾದ ಧಮನಿಯನ್ನು ಆ ಮಾತ್ರೆ ಅಗಲ ಮಾಡುವುದಿಲ್ಲ.

ಮಿದುಳಿನ ವೇಳಾಪಟ್ಟಿ

ಗರ್ಭ ನಿಂತ ಸುಮಾರು 28ನೆಯ ದಿನಕ್ಕೆ ನರಕೊಳವೆ ಮುಚ್ಚಿಕೊಳ್ಳುತ್ತದೆ. ಬಸಿರಾಗಿದೆ ಎಂದು ಗೊತ್ತಾಗುವಷ್ಟರಲ್ಲಿ ಆ ಹಂತ ಮುಗಿಯಲು ಬಂದಿರುತ್ತದೆ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಬಸಿರಾಗುವ ಮೊದಲೇ ಶುರು ಮಾಡಿ ಎನ್ನುವುದು ಇದಕ್ಕೇ. ಆಮೇಲೆ ಎರಡರಿಂದ ಐದನೆಯ ತಿಂಗಳವರೆಗೆ ನರಕೋಶಗಳು ಹುಟ್ಟಿ ತಮ್ಮ ಜಾಗಕ್ಕೆ ಸಾಗುವ ಕೆಲಸ. 23ರಿಂದ 32ನೆಯ ವಾರದ ನಡುವೆ ನರತಂತುಗಳಿಗೆ ಮಯಲಿನ್ ಹೊದಿಕೆ ಹೆಣೆಯಬೇಕಾದ ಕೋಶಗಳು ಇನ್ನೂ ಎಳೆಯವಾಗಿದ್ದು, ಆಮ್ಲಜನಕ ಕಡಿಮೆಯಾದರೂ ಉರಿಯೂತ ಹೆಚ್ಚಾದರೂ ಸಾಯುತ್ತವೆ. ದಿನ ತುಂಬುವ ಬಹಳ ಮುಂಚೆ ಹುಟ್ಟಿದ ಮಕ್ಕಳಲ್ಲಿ ಮಿದುಳಿನ ಕುಹರಗಳ ಪಕ್ಕದ ಶ್ವೇತದ್ರವ್ಯವೇ ಹೆಚ್ಚಾಗಿ ಹಾನಿಗೊಳ್ಳುವುದು, ಮುಂದೆ ಕೈಕಾಲು ಬಿಗಿಯುವ ಸೆರೆಬ್ರಲ್ ಪಾಲ್ಸಿ ಕಾಣಿಸಿಕೊಳ್ಳುವುದು ಈ ಕಾರಣದಿಂದ. 34ನೆಯ ವಾರದಲ್ಲಿ ಮಿದುಳಿನ ತೂಕ ಒಂಬತ್ತು ತಿಂಗಳು ತುಂಬಿದ ಮಿದುಳಿನ ಸುಮಾರು ಮೂರನೆಯ ಎರಡು ಭಾಗ ಮಾತ್ರ. ಕಿರುಮಿದುಳು ಭರದಿಂದ ಬೆಳೆಯುವುದೂ ಕೊನೆಯ ಮೂರು ತಿಂಗಳಲ್ಲೇ.

ಪ್ರೀಎಕ್ಲಾಂಪ್ಸಿಯಾ ತೀವ್ರವಾದಾಗ ಇರುವ ಒಂದೇ ಪೂರ್ಣ ಪರಿಹಾರ ಹೆರಿಗೆ ಮಾಡಿಸುವುದು. 30ನೆಯ ವಾರದಲ್ಲಿ ಹಾಗೆ ಹುಟ್ಟಿದ ಮಗುವಿಗೆ ಮುಂದೆ ಕಲಿಕೆಯ ತೊಂದರೆ ಕಂಡರೆ ಅದು ಬಿಪಿಯದೋ, ಅವಧಿಗೆ ಮುನ್ನ ಹುಟ್ಟಿದ್ದರದೋ? ಇಲ್ಲಿ ಅಂಕಿಅಂಶದ ಒಂದು ಗುಂಡಿಯಿದೆ, ಅನುಭವಿಗಳೂ ಅದರಲ್ಲಿ ಬೀಳುತ್ತಾರೆ. ‘ಹುಟ್ಟಿದ ವಾರವನ್ನು ಸರಿದೂಗಿಸಿ ನೋಡಿದೆವು, ಸಂಬಂಧ ಮಾಯವಾಯಿತು’ ಎಂದು ಪ್ರಬಂಧ ಬರೆಯುತ್ತಾರೆ. ಆದರೆ ಬೇಗ ಹುಟ್ಟಿಸಬೇಕಾಗಿ ಬಂದದ್ದೇ ಬಿಪಿಯಿಂದ. ಅದನ್ನು ಲೆಕ್ಕದಿಂದ ಕಳೆದರೆ ಬಿಪಿಯ ಪರಿಣಾಮ ಸಾಗುವ ಮುಖ್ಯ ದಾರಿಯನ್ನೇ ಅಳಿಸಿದಂತೆ. ಹಾಗೆ ಅಳಿಸಿ, ದಾರಿಯೇ ಇರಲಿಲ್ಲ ಎನ್ನುವುದು ತಪ್ಪು.

ಸಕ್ಕರೆ ಏರಿದರೆ ಕಬ್ಬಿಣ ಕಡಿಮೆಯಾಗುವುದೇಕೆ

ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಚೊಕ್ಕವಾಗಿ ಬಿಡಿಸಿದ್ದು ಅನ್ನಿಸುವುದು ಬಸಿರಿನ ಸಕ್ಕರೆ ಕಾಯಿಲೆಯ ಎಳೆ. ಮಿನೆಸೋಟ ವಿಶ್ವವಿದ್ಯಾಲಯದ ನವಜಾತ ಶಿಶುತಜ್ಞ ಮೈಕೆಲ್ ಜಾರ್ಜಿಯಫ್ ಮತ್ತು ಸಂಗಡಿಗರು ದಶಕಗಳ ಕಾಲ ಇದರ ಹಿಂದೆ ಬಿದ್ದರು.

24ರಿಂದ 28ನೆಯ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153 ಮಿಲಿಗ್ರಾಂ (ಪ್ರತಿ ಡೆಸಿಲೀಟರಿಗೆ). ಈ ಮೂರರಲ್ಲಿ ಒಂದನ್ನು ಮುಟ್ಟಿದರೂ ಬಸಿರಿನ ಸಕ್ಕರೆ ಕಾಯಿಲೆ ಎನ್ನುತ್ತಾರೆ. ತಾಯಿಯ ಗ್ಲೂಕೋಸ್ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಮಗು ತನ್ನದೇ ಇನ್ಸುಲಿನ್ ಹೆಚ್ಚಿಸಿಕೊಂಡು ಆ ಸಕ್ಕರೆಯನ್ನು ಉರಿಸುತ್ತದೆ. ಉರಿಸಲು ಆಮ್ಲಜನಕ ಬೇಕು, ಮಾಸು ಕೊಡುವ ಆಮ್ಲಜನಕಕ್ಕೆ ಮಿತಿಯಿದೆ. ಕೊರತೆ ತುಂಬಲು ಮಗು ಕೆಂಪು ರಕ್ತಕಣಗಳನ್ನು ಹೆಚ್ಚು ಮಾಡಿಕೊಳ್ಳುತ್ತದೆ; ಅದಕ್ಕೆ ಕಬ್ಬಿಣ ಬೇಕು. ಮಗುವಿನ ದೇಹದಲ್ಲಿ ಕಬ್ಬಿಣ ಸಾಲದಾದಾಗ ಅದರ ಪಾಲು ಮೊದಲು ಹೋಗುವುದು ರಕ್ತಕಣಗಳಿಗೆ. ಮಿದುಳಿನ ಸರದಿ ಆಮೇಲೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಇದೇ ಕೊನೆಯ ತಿಂಗಳುಗಳಲ್ಲಿ ಬೆಳೆಯುತ್ತಿದ್ದು, ಕಬ್ಬಿಣಕ್ಕೆ ಹಸಿದಿರುತ್ತದೆ.

ಹೀಗಾಗಿ ಹಿಮೋಗ್ಲೋಬಿನ್ ಚೆನ್ನಾಗಿಯೇ ಇರುವ, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ ಇರುವ ಮಗುವಿನ ಮಿದುಳಿನಲ್ಲಿ ಕಬ್ಬಿಣದ ಬರ ಇರಬಹುದು. ರಕ್ತಹೀನತೆ ಹುಡುಕುವ ಮಾಮೂಲಿ ಪರೀಕ್ಷೆಗೆ ಇದು ಸಿಗುವುದಿಲ್ಲ. ಹೊಕ್ಕಳುಬಳ್ಳಿಯ ರಕ್ತದಲ್ಲಿ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಎಂಬ ಪ್ರೋಟೀನ್ ನೋಡಬೇಕು.

ಇನ್ನೂ ಮಾತು ಬಾರದ ಹಸುಗೂಸಿನ ನೆನಪನ್ನು ಅಳೆಯುವುದು ಹೇಗೆ? ಮಗುವಿನ ತಲೆಗೆ ವಿದ್ಯುದಾಗ್ರಗಳನ್ನು ಅಂಟಿಸಿ, ಒಮ್ಮೆ ತಾಯಿಯ ದನಿ, ಒಮ್ಮೆ ಅಪರಿಚಿತ ಹೆಂಗಸಿನ ದನಿ ಕೇಳಿಸುತ್ತಾರೆ. ಹೊಟ್ಟೆಯೊಳಗಿದ್ದಾಗಲೇ ತಾಯಿಯ ದನಿ ಕೇಳಿಸಿಕೊಂಡ ಮಗುವಿನ ಮಿದುಳಿನ ಅಲೆ ಎರಡು ದನಿಗಳಿಗೆ ಬೇರೆ ಬೇರೆಯಾಗಿ ಏಳುತ್ತದೆ. ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ, ಹೊಕ್ಕಳುಬಳ್ಳಿಯ ಫೆರಿಟಿನ್ ತೀರಾ ಕಡಿಮೆ ಇದ್ದವರಿಗೆ ಈ ಗುರುತು ಹಿಡಿಯುವಿಕೆ ಸರಿಯಾಗಿ ಕಾಣಲಿಲ್ಲ ಎಂದು 2004ರಲ್ಲಿ ಈ ತಂಡ ತೋರಿಸಿತು. ತೊಡಕು, ಮಾಸು, ಕಬ್ಬಿಣ, ಮಿದುಳಿನ ಒಂದು ನಿರ್ದಿಷ್ಟ ಭಾಗ, ಆ ಭಾಗದ ಒಂದು ನಿರ್ದಿಷ್ಟ ಕೆಲಸ: ಇಷ್ಟೂ ಕೊಂಡಿಗಳನ್ನು ಹೀಗೆ ಒಂದೊಂದಾಗಿ ಕೂಡಿಸಿ ತೋರಿಸಿದ ಉದಾಹರಣೆಗಳು ಕಡಿಮೆ.

ಮಾಸು ಸುಮ್ಮನೆ ಆಹಾರ ಸಾಗಿಸುವುದಿಲ್ಲ

ಮಾಸು ಹಾರ್ಮೋನುಗಳನ್ನೂ ತಯಾರಿಸುತ್ತದೆ. ಅವುಗಳಲ್ಲೊಂದು ಅಲೋಪ್ರೆಗ್ನನೊಲೋನ್. ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಗಾಬಾ ಎಂಬ ರಾಸಾಯನಿಕದ ಗ್ರಾಹಕಗಳ ಮೇಲೆ ಕೆಲಸ ಮಾಡುವ ಇದರ ಮಟ್ಟ ಬಸಿರಿನ ಕೊನೆಯ ಭಾಗದಲ್ಲಿ ಬಹಳ ಹೆಚ್ಚಿರುತ್ತದೆ. ಮಗು ಅವಧಿಗೆ ಮುನ್ನ ಹುಟ್ಟಿದರೆ, ಅಥವಾ ಮಾಸು ಸೋತರೆ, ಈ ಪೂರೈಕೆ ಥಟ್ಟನೆ ನಿಲ್ಲುತ್ತದೆ. ಹಾಗೆ ನಿಂತದ್ದರಿಂದಲೇ ಏನಾದರೂ ಕೆಡುತ್ತದೆಯೇ ಎಂದು ತಿಳಿಯುವುದು ಕಷ್ಟ, ಏಕೆಂದರೆ ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಉಸಿರಾಟ, ಸೋಂಕು, ಆಹಾರ ಎಂದು ಹತ್ತು ಕಷ್ಟಗಳು ಒಟ್ಟಿಗೇ ಇರುತ್ತವೆ.

ಕೊಲಂಬಿಯಾ ವಿಶ್ವವಿದ್ಯಾಲಯದ ಅನ್ನಾ ಪೆನ್ ಅವರ ತಂಡ ಈ ಹತ್ತರಲ್ಲಿ ಒಂದನ್ನು ಬೇರ್ಪಡಿಸಿತು. ಆ ಹಾರ್ಮೋನಿನ ತಯಾರಿಗೆ ಬೇಕಾದ ಕಿಣ್ವದ ಜೀನನ್ನು ಸುಂಡಿಲಿಗಳ ಮಾಸಿನಲ್ಲಿ ಮಾತ್ರ ತೆಗೆದುಹಾಕಿದರು. ಮರಿಯ ಮಿದುಳಿನಲ್ಲಿ ಜೀನು ಹಾಗೇ ಇತ್ತು. ಮರಿಗಳು ದಿನ ತುಂಬಿಯೇ ಹುಟ್ಟಿದವು. ಆದರೂ ಗಂಡು ಮರಿಗಳ ಕಿರುಮಿದುಳಿನಲ್ಲಿ ಮಯಲಿನ್ ಅಸಹಜವಾಗಿ ದಪ್ಪಗಾಯಿತು, ಬೇರೆ ಇಲಿಗಳೊಂದಿಗೆ ಬೆರೆಯುವುದು ಕಡಿಮೆಯಾಯಿತು, ಮಾಡಿದ್ದನ್ನೇ ಮಾಡುವ ಚಾಳಿ ಹೆಚ್ಚಿತು. ಬಸಿರಿನ ಕೊನೆಯಲ್ಲಿ ತಾಯಿಗೆ ಆ ಹಾರ್ಮೋನನ್ನು ಚುಚ್ಚಿದಾಗ ಮರಿಗಳ ವರ್ತನೆ ಸುಧಾರಿಸಿತು. 2021ರಲ್ಲಿ ‘ನೇಚರ್ ನ್ಯೂರೋಸೈನ್ಸ್’ನಲ್ಲಿ ಬಂದ ಈ ಕೆಲಸದ ತೂಕ ಇರುವುದು ‘ಮಾಸಿನಲ್ಲಿ ಮಾತ್ರ’ ಎಂಬ ಎರಡು ಪದಗಳಲ್ಲಿ. ಇದನ್ನೋದಿ ಗರ್ಭಿಣಿಯರಿಗೆ ಹಾರ್ಮೋನ್ ಕೊಡಲು ಹೊರಡುವಂತಿಲ್ಲ. ಸುಂಡಿಲಿಯ ಬಸಿರು ಬರೀ 19–20 ದಿನ, ಹುಟ್ಟಿದಾಗ ಅದರ ಮಿದುಳು ಮನುಷ್ಯ ಶಿಶುವಿನದಕ್ಕಿಂತ ತುಂಬಾ ಎಳೆಯದು.

ಸೋಂಕಿನ ಕಥೆಯೂ ಇದೇ ಜಾಡಿನದು. ವೈರಸ್ಸಿನ ಆರ್‌ಎನ್‌ಎಯನ್ನು ಹೋಲುವ ಪಾಲಿ ಐಸಿ ಎಂಬ ಕೃತಕ ವಸ್ತುವನ್ನು ಬಸುರಿ ಇಲಿಗೆ ಚುಚ್ಚಿದರೆ ಸೋಂಕಿಲ್ಲದೆಯೇ ಜ್ವರದ ಪ್ರತಿಕ್ರಿಯೆ ಏಳುತ್ತದೆ. ಮರಿಗಳ ವರ್ತನೆ ಬದಲಾಗಲು ತಾಯಿಯ ರೋಗನಿರೋಧಕ ವ್ಯವಸ್ಥೆಯ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನ್ ಬೇಕು ಎಂದು ಕ್ಯಾಲ್ಟೆಕ್‌ನ ಪಾಲ್ ಪ್ಯಾಟರ್ಸನ್ ತಂಡ 2007ರಲ್ಲಿ ತೋರಿಸಿತು. 2016ರಲ್ಲಿ ಗ್ಲೋರಿಯಾ ಚೋಯ್ ಮತ್ತು ಜುನ್ ಹು ಅವರ ತಂಡಗಳು ಮುಂದಿನ ಕೊಂಡಿಯಾಗಿ ಇಂಟರ್‌ಲ್ಯೂಕಿನ್-17ಎಯನ್ನು ಹಿಡಿದವು. ಮರುವರ್ಷವೇ ಇನ್ನೊಂದು ಅಚ್ಚರಿ: ತಾಯಿಯ ಕರುಳಿನಲ್ಲಿ ಒಂದು ಬಗೆಯ ಎಳೆಯಾಕಾರದ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಅದೇ ಚುಚ್ಚುಮದ್ದಿಗೆ ಮರಿಗಳಲ್ಲಿ ಪರಿಣಾಮವೇ ಕಾಣಲಿಲ್ಲ. ಒಂದು ಲ್ಯಾಬಿನ ಫಲಿತಾಂಶ ಇನ್ನೊಂದರಲ್ಲಿ ಬಾರದಿರುವುದಕ್ಕೆ ಇಂಥ ಕಾರಣಗಳೂ ಇರುತ್ತವೆ. ಪಾಲಿ ಐಸಿಯ ಒಂದೊಂದು ಬ್ಯಾಚಿನ ಅಣುಗಳ ಉದ್ದ ಬೇರೆ, ಬಲ ಬೇರೆ. ಚುಚ್ಚಿ ಸುಮಾರು 3 ಗಂಟೆಯ ನಂತರ ತಾಯಿಯ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಏರಿದೆಯೇ, ಮರುದಿನ ತೂಕ ಇಳಿದಿದೆಯೇ ಎಂದು ನೋಡದೆ ಪ್ರಯೋಗ ಮುಂದುವರಿಸಿದವರ ಪ್ರಬಂಧವನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಹತ್ತಿರದಿಂದ ಒಂದು ಪ್ರಯೋಗ

ಪ್ರೀಎಕ್ಲಾಂಪ್ಸಿಯಾ ಇಲಿಗಳಿಗೆ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ, ಬರಿಸಬೇಕು. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಬಸಿರಿನ 14ನೆಯ ದಿನ ಸುಂಡಿಲಿಗಿಂತ ದೊಡ್ಡದಾದ ಪ್ರಯೋಗಾಲಯದ ಇಲಿಗೆ ಅರಿವಳಿಕೆ ಕೊಟ್ಟು, ಹೊಟ್ಟೆಯ ಮಹಾಧಮನಿ ಕವಲೊಡೆಯುವ ಜಾಗದ ಮೇಲ್ಗಡೆ 0.203 ಮಿಲಿಮೀಟರ್ ಕಿಂಡಿಯ ಬೆಳ್ಳಿ ಕ್ಲಿಪ್ ಕೂರಿಸುತ್ತಾರೆ. ಅಷ್ಟೇ ಮಾಡಿದರೆ ರಕ್ತ ಅಂಡಾಶಯದ ಧಮನಿಗಳ ಮೂಲಕ ಬಳಸುದಾರಿ ಹಿಡಿಯುತ್ತದೆ, ಹಾಗಾಗಿ ಅಲ್ಲೂ ಎರಡು ಬದಿಗೆ 0.100 ಮಿಲಿಮೀಟರ್ ಕ್ಲಿಪ್. 19ನೆಯ ದಿನದ ಹೊತ್ತಿಗೆ ತಾಯಿಯ ಬಿಪಿ ಏರಿರುತ್ತದೆ, ಮರಿಗಳು ಸಣ್ಣಗಿರುತ್ತವೆ, ಕೆಲವು ಒಳಗೇ ಸತ್ತಿರುತ್ತವೆ. ಹೋಲಿಕೆಗೆ ಇಟ್ಟ ಇಲಿಗಳಿಗೂ ಹೊಟ್ಟೆ ಕೊಯ್ದು ಕ್ಲಿಪ್ ಹಾಕದೆ ಹೊಲಿಯಬೇಕು. ಇಲ್ಲವಾದರೆ ಅರಿವಳಿಕೆ ಮತ್ತು ನೋವಿನ ಪರಿಣಾಮವನ್ನೂ ಬಿಪಿಯ ತಲೆಗೆ ಕಟ್ಟಿದಂತಾಗುತ್ತದೆ.

ಆಮೇಲೆ ಬರುವುದು ಎಣಿಕೆಯ ತಪ್ಪು. 8 ತಾಯಿಗಳು, ತಲಾ 10 ಮರಿಗಳು, ಒಟ್ಟು 80. ಮಾದರಿಯ ಗಾತ್ರ 80 ಎಂದು ಬರೆದರೆ ಸಣ್ಣ ವ್ಯತ್ಯಾಸವೂ ದೊಡ್ಡ ಸುದ್ದಿಯಾಗಿ ಕಾಣುತ್ತದೆ. ಕ್ಲಿಪ್ ಬಿದ್ದದ್ದು ತಾಯಿಗೆ. ಒಂದೇ ಸೂಲಿನ ಮರಿಗಳು ಒಂದೇ ಗರ್ಭ, ಒಂದೇ ಮೊಲೆಹಾಲು ಹಂಚಿಕೊಂಡವು, ಒಂದರಂತೆ ಇನ್ನೊಂದು ಇರುವುದು ಸಹಜ. ಆದ್ದರಿಂದ ಎಣಿಕೆ 8. ಒಂದು ಸೂಲಿನಿಂದ ಒಂದು ಗಂಡು, ಒಂದು ಹೆಣ್ಣು ಮರಿಯನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳಬೇಕು, ಅಥವಾ ಸೂಲನ್ನೂ ಲೆಕ್ಕದೊಳಗೆ ಸೇರಿಸಬೇಕು. ಹೆತ್ತ ಮೇಲೆ ನೊಂದ ತಾಯಿ ಮರಿಗಳನ್ನು ಸರಿಯಾಗಿ ನೆಕ್ಕದೆ, ಹಾಲೂಡದೆ ಇದ್ದರೆ ಅದರಿಂದಲೂ ಮಿದುಳು ಬದಲಾಗುತ್ತದೆ. ಅದನ್ನು ಬೇರ್ಪಡಿಸಲು ಮರಿಗಳನ್ನು ಹುಟ್ಟಿದ ದಿನವೇ ಆರೋಗ್ಯವಂತ ಸಾಕುತಾಯಿಗೆ ಬಿಡುತ್ತಾರೆ.

ಮನುಷ್ಯರಲ್ಲಿ ಇಂಥ ಪ್ರಯೋಗ ಸಾಧ್ಯವಿಲ್ಲವಾದ್ದರಿಂದ ಒಡಹುಟ್ಟಿದವರನ್ನು ಹೋಲಿಸುತ್ತಾರೆ. ಒಂದು ಬಸಿರಿನಲ್ಲಿ ತೊಡಕಿತ್ತು, ಇನ್ನೊಂದರಲ್ಲಿ ಇರಲಿಲ್ಲ. ತಾಯಿ ಒಬ್ಬಳೇ, ಮನೆ ಒಂದೇ. ಈ ಹೋಲಿಕೆ ಎಷ್ಟು ಹರಿತ ಎಂಬುದಕ್ಕೆ ಪ್ಯಾರಾಸಿಟಮಾಲ್ ಉದಾಹರಣೆ ಸಾಕು. ಸ್ವೀಡನ್ನಿನ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ನೋಡಿದ 2024ರ ಅಧ್ಯಯನದಲ್ಲಿ, ಬಸಿರಿನಲ್ಲಿ ಆ ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ಆಟಿಸಂ ಸಂಭವ, ತೆಗೆದುಕೊಳ್ಳದವರ ಮಕ್ಕಳಿಗೆ ಹೋಲಿಸಿದರೆ, 1.05 ಪಟ್ಟು ಇತ್ತು. ಒಡಹುಟ್ಟಿದವರನ್ನೇ ಹೋಲಿಸಿದಾಗ 0.98ಕ್ಕೆ ಇಳಿಯಿತು, ಅಂದರೆ ಸಂಬಂಧ ಉಳಿಯಲಿಲ್ಲ. ಪ್ರೀಎಕ್ಲಾಂಪ್ಸಿಯಾಕ್ಕೆ ಇದೇ ಅಳತೆ ಹಿಡಿಯುವಾಗ ಒಂದು ಎಚ್ಚರ ಬೇಕು. ಅದು ಚೊಚ್ಚಲ ಬಸಿರಿನಲ್ಲೇ ಹೆಚ್ಚು, ಆದ್ದರಿಂದ ‘ತೊಡಕಿನ ಮಗು’ ಬಹಳ ಸಲ ಮೊದಲ ಮಗುವೇ ಆಗಿರುತ್ತದೆ; ಕಂಡ ವ್ಯತ್ಯಾಸ ತೊಡಕಿನದೋ, ಮೊದಲ ಮಗು ಎಂಬುದರದೋ ಎಂದು ಬಿಡಿಸಿ ನೋಡಬೇಕು.

ಈಗಾಗಲೇ ಕೈಗೆ ಸಿಕ್ಕಿರುವುದು

ಇಷ್ಟೆಲ್ಲ ಹುಡುಕಾಟದಿಂದ ಹೆರಿಗೆ ವಾರ್ಡಿಗೆ ಬಂದದ್ದೇನು? ಕೆಲವು ಬಂದಿವೆ, ಎಲ್ಲವೂ ಗಡಿಯಾರಕ್ಕೆ ಕಟ್ಟುಬಿದ್ದವು.

ಆಸ್ಪಿರಿನ್: ಪ್ರೀಎಕ್ಲಾಂಪ್ಸಿಯಾ ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ 11–14ನೆಯ ವಾರದಿಂದ 36ನೆಯ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟ ಪ್ರಯೋಗದಲ್ಲಿ, 37 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗುವಂಥ ಪ್ರೀಎಕ್ಲಾಂಪ್ಸಿಯಾ ಶೇ 4.3ರಿಂದ 1.6ಕ್ಕೆ ಇಳಿಯಿತು. ಇದು 2017ರ ಫಲಿತಾಂಶ. ಧಮನಿಗಳು ಅಗಲವಾಗುವ ಕಾಲ ಮುಗಿದ ಮೇಲೆ ಶುರು ಮಾಡಿದರೆ ಲಾಭ ಕಡಿಮೆ, ಅದಕ್ಕೇ 16 ವಾರದೊಳಗೆ ಎನ್ನುತ್ತಾರೆ. ಯಾರಿಗೆ ಬೇಕು, ಎಷ್ಟು ಬೇಕು ಎಂಬುದು ವೈದ್ಯರು ಅಪಾಯ ತೂಗಿ ಹೇಳಬೇಕಾದದ್ದು.

ಸ್ಟೀರಾಯ್ಡ್: ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಗರ್ಭದಲ್ಲಿದ್ದ ಕುರಿಮರಿಗಳಿಗೆ ಸ್ಟೀರಾಯ್ಡ್ ಕೊಟ್ಟು ಹೆರಿಗೆ ಹೇಗೆ ಶುರುವಾಗುತ್ತದೆ ಎಂದು ನೋಡುತ್ತಿದ್ದಾಗ, ಬದುಕಬಾರದಷ್ಟು ಬೇಗ ಹುಟ್ಟಿದ ಮರಿಯೊಂದು ಉಸಿರಾಡಿತು. ರಾಸ್ ಹೊವೀ ಜೊತೆ ಅವರು ನಡೆಸಿದ ಗರ್ಭಿಣಿಯರ ಪ್ರಯೋಗ 1972ರಲ್ಲಿ ಪ್ರಕಟವಾಯಿತು. ಬೇಗ ಹೆರಿಗೆಯಾಗಲಿರುವ ತಾಯಿಗೆ ಬೀಟಾಮೆಥಾಸೋನ್ 12 ಮಿಲಿಗ್ರಾಂ, 24 ಗಂಟೆ ಬಿಟ್ಟು ಮತ್ತೆ 12. ಇಲ್ಲವೇ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ಗಂಟೆಗೊಮ್ಮೆ ನಾಲ್ಕು ಸಲ. ಶ್ವಾಸಕೋಶ ಬಲಿಯುವುದರ ಜೊತೆಗೆ ಮಿದುಳಿನೊಳಗಿನ ರಕ್ತಸ್ರಾವವೂ ಕಡಿಮೆಯಾಗುತ್ತದೆ. ಆದರೆ ಒಳ್ಳೆಯದೆಂದು ಮತ್ತೆ ಮತ್ತೆ ಕೊಟ್ಟರೆ ಮಗುವಿನ ತೂಕವೂ ತಲೆಯ ಸುತ್ತಳತೆಯೂ ಕುಗ್ಗುತ್ತವೆ ಎಂದು 2008ರ ಒಂದು ದೊಡ್ಡ ಪ್ರಯೋಗ ತೋರಿಸಿತು.

ಮೆಗ್ನೀಸಿಯಂ ಸಲ್ಫೇಟ್ ಬಂದದ್ದು ಪ್ರೀಎಕ್ಲಾಂಪ್ಸಿಯಾದಿಂದಲೇ. ಫಿಟ್ಸ್ ಬಾರದಿರಲಿ ಎಂದು ಇದನ್ನು ಪಡೆದ ತಾಯಂದಿರ ತೀರಾ ಕಡಿಮೆ ತೂಕದ ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ ಕಡಿಮೆ ಇದೆಯಲ್ಲ ಎಂದು ಕ್ಯಾಲಿಫೋರ್ನಿಯಾದ ದಾಖಲೆಗಳಲ್ಲಿ ಕ್ಯಾರಿನ್ ನೆಲ್ಸನ್ ಮತ್ತು ಜುಡಿತ್ ಗ್ರೆದರ್ 1995ರಲ್ಲಿ ಗಮನಿಸಿದರು. ದಾಖಲೆಯಲ್ಲಿ ಕಂಡದ್ದೆಲ್ಲ ನಿಜವಾಗುವುದಿಲ್ಲ. ಇದು ಪ್ರಯೋಗಗಳಲ್ಲೂ ನಿಂತಿತು. ಬೇಗ ಹುಟ್ಟಲಿರುವ ಮಕ್ಕಳ ತಾಯಂದಿರಿಗೆ ಕೊಟ್ಟಾಗ ಸೆರೆಬ್ರಲ್ ಪಾಲ್ಸಿ ಸುಮಾರು ಮೂರನೆಯ ಒಂದು ಭಾಗ ಇಳಿಯಿತು, ಅಂದರೆ ಸರಿಸುಮಾರು 63 ತಾಯಂದಿರಿಗೆ ಕೊಟ್ಟರೆ ಒಂದು ಮಗುವಿಗೆ ತಪ್ಪುತ್ತದೆ. ಸಾಮಾನ್ಯವಾಗಿ 4 ಗ್ರಾಂ ಅನ್ನು 20–30 ನಿಮಿಷದಲ್ಲಿ ನಾಳದ ಮೂಲಕ ಹರಿಸಿ, ನಂತರ ಗಂಟೆಗೆ 1 ಗ್ರಾಂನಂತೆ ಹೆರಿಗೆಯವರೆಗೆ ಅಥವಾ ಹೆಚ್ಚೆಂದರೆ 24 ಗಂಟೆ. ಮದ್ದು ಹೆಚ್ಚಾಗುತ್ತಿದೆ ಎಂಬುದಕ್ಕೆ ಮೊದಲ ಸುಳಿವು ಮಂಡಿಗೆ ತಟ್ಟಿದಾಗ ಕಾಲು ಜಿಗಿಯದಿರುವುದು; ಉಸಿರು ನಿಧಾನವಾಗುವುದು ಅದರ ನಂತರ. ಮೂತ್ರ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ ಮದ್ದು ದೇಹದಲ್ಲೇ ಉಳಿಯುತ್ತದೆ. ಆದ್ದರಿಂದ ಹಾಸಿಗೆಯ ಪಕ್ಕದಲ್ಲೇ ಇದರ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ 1 ಗ್ರಾಂ ಸಿದ್ಧವಿರಬೇಕು.

ಬಸಿರಿನಲ್ಲಿ ಇಂಥ ತೊಡಕುಗಳನ್ನು ದಾಟಿ ಹುಟ್ಟಿದ ಮಗುವಿನ ಫೈಲಿನಲ್ಲಿ ‘ತಾಯಿಗೆ ಬಿಪಿ ಇತ್ತು’ ಎಂಬ ಒಂದು ಸಾಲು ಇದ್ದರೆ ಮಕ್ಕಳ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಬಿಪಿ ಎಷ್ಟನೆಯ ವಾರದಲ್ಲಿ ಶುರುವಾಯಿತು, ಎಷ್ಟರವರೆಗೆ ಏರಿತು, ಮಗು ಹುಟ್ಟಿದ್ದು ಎಷ್ಟು ವಾರ ಎಷ್ಟು ದಿನಕ್ಕೆ, ತೂಕ ಮತ್ತು ತಲೆಯ ಸುತ್ತಳತೆ ಎಷ್ಟು, ಸ್ಟೀರಾಯ್ಡ್ ಮತ್ತು ಮೆಗ್ನೀಸಿಯಂ ಯಾವಾಗ ಸಿಕ್ಕಿತು, ಮಾಸಿನ ತೂಕ ಎಷ್ಟಿತ್ತು, ತಾಯಿಗೆ ಸಕ್ಕರೆ ಇದ್ದರೆ ಮಗುವಿನ ಫೆರಿಟಿನ್ ಎಷ್ಟು ಎಂಬುದನ್ನು ಡಿಸ್ಚಾರ್ಜ್ ಆಗುವ ಮುನ್ನವೇ ಬರೆಸಿಕೊಳ್ಳಬೇಕು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಎರಡು ವರ್ಷದವರೆಗೆ ಅಳೆಯುವಾಗ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ವಯಸ್ಸು ಎಣಿಸುತ್ತಾರೆ. 30 ವಾರಕ್ಕೆ ಹುಟ್ಟಿ ಈಗ 12 ತಿಂಗಳಾದ ಮಗು ಆ ಲೆಕ್ಕದಲ್ಲಿ ಇನ್ನೂ ಒಂಬತ್ತೂವರೆ ತಿಂಗಳಿನದು; ಹಿಡಿದುಕೊಂಡು ನಿಲ್ಲುತ್ತಿದ್ದರೆ ಅದು ಹಿಂದೆ ಬಿದ್ದಿಲ್ಲ.